ಮೂಕಪ್ರಾಣಿಯ ಮೂಳೆಗೆ ಮುದ್ರಿತ ಮಾರ್ಗದರ್ಶಿ

ವೈದ್ಯವಿದ್ಯೆಯು ಮನುಷ್ಯನೊಬ್ಬನಿಗೇ ಮೀಸಲಾದುದಲ್ಲ. ನೋವುಂಟಾದಾಗ ಮನುಷ್ಯನು ಬಾಯ್ದೆರೆದು ಹೇಳಿಕೊಳ್ಳಬಲ್ಲನು. ಪ್ರಾಣಿಗೆ ಆ ಭಾಗ್ಯವಿಲ್ಲ. ನೆಲಕ್ಕೂರದ ಕಾಲು, ಒಲ್ಲದ ಅನ್ನ, ಮೂಲೆ ಹಿಡಿದ ಮೈ, ಇವೇ ಅದರ ಮಾತು. ಈ ಮಾತನ್ನು ಅರಿತು ಉಪಚಾರ ಮಾಡುವ ಶಾಸ್ತ್ರವು ಭಾರತದಲ್ಲಿ ಬಹು ಪ್ರಾಚೀನವಾದುದು. ಅಶ್ವವೈದ್ಯಕ್ಕೆ ಶಾಲಿಹೋತ್ರನ ಹೆಸರೂ, ಗಜವೈದ್ಯಕ್ಕೆ ಪಾಲಕಾಪ್ಯನ ಹೆಸರೂ ಪರಂಪರೆಯಿಂದ ಅಂಟಿಕೊಂಡು ಬಂದಿವೆ. ಕನ್ನಡದಲ್ಲಿಯೂ ಚಾಲುಕ್ಯರ ಕಾಲದ ಕೀರ್ತಿವರ್ಮನು ‘ಗೋವೈದ್ಯ’ವೆಂಬ ಗ್ರಂಥವನ್ನು ರಚಿಸಿದನು. ಅರಸನಿಗೆ ಆನೆ ಕುದುರೆಗಳು ಬೇಕಾಗಿದ್ದುವು, ಒಕ್ಕಲಿಗನಿಗೆ ಗೋವು ಬೇಕಾಗಿತ್ತು. ಆದುದರಿಂದ ಆ ಶಾಸ್ತ್ರಗಳು ಬೆಳೆದುವು. ಬಾಗಿಲು ಕಾಯುತ್ತ ಎಸೆದ ತುತ್ತನ್ನುಂಡು ಬದುಕುವ ನಾಯಿಯ ಸರದಿ ಬಂದುದು ಬಹಳ ತಡವಾಗಿ. ಆದರೆ ತಡವಾಗಿ ಬಂದರೂ ಅದು ಬರಿಗೈಯಲ್ಲಿ ಬರಲಿಲ್ಲ. ಇಂದು ನಾಯಿಯ ಡೊಂಕಾದ ಮೂಳೆಯನ್ನು ನೇರಮಾಡಲು ವೈದ್ಯ, ಶಿಲ್ಪಿ, ಗಣಿತಜ್ಞ ಎಂಬ ಮೂವರ ಕೆಲಸವೂ ಒಂದೆಡೆ ಕೂಡಿಬಂದಿದೆ. ಆ ಕೂಟದ ಫಲವೇ ಗಣಕಯಂತ್ರದ ನೆರವಿನಿಂದ ರೂಪಿಸಿ, ಮೂರು ಆಯಾಮಗಳಲ್ಲಿ ಮುದ್ರಿಸಿದ ಶಸ್ತ್ರಮಾರ್ಗದರ್ಶಿ. ಅದರ ಸ್ವರೂಪವೇನು, ಅದು ಏಕೆ ಬೇಕಾಯಿತು, ಅದರ ಮಿತಿಗಳೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಬಿಲ್ಲಾಗಿ ಬಾಗುವ ಕಾಲು

ನಾಯಿಯು ನಿಂತಿರುವಾಗ ಅದರ ದೇಹಭಾರದ ಸುಮಾರು ಶೇಕಡ ೬೦ ಭಾಗವು ಮುಂಗಾಲುಗಳ ಮೇಲೆಯೇ ಬೀಳುತ್ತದೆ. ಮುಂಗಾಲಿನ ಮೊಣಕೈಗೂ ಮಣಿಕಟ್ಟಿಗೂ ನಡುವೆ ರೇಡಿಯಸ್, ಅಲ್ನಾ ಎಂಬ ಎರಡು ಮೂಳೆಗಳು ಒಂದಕ್ಕೊಂದು ಒತ್ತಾಗಿ ನಿಂತಿವೆ. ಮರಿಯ ಉದ್ದಮೂಳೆಗಳ ತುದಿಯ ಬಳಿಯಲ್ಲಿ ಮೃದ್ವಸ್ಥಿಯ ತೆಳುವಾದ ಪದರವೊಂದಿರುತ್ತದೆ. ಇದಕ್ಕೆ ಬೆಳವಣಿಗೆಯ ಫಲಕವೆಂದು ಹೆಸರು. ಮೂಳೆಯು ಉದ್ದವಾಗುವುದು ಈ ಫಲಕದಿಂದಲೇ. ಪ್ರಾಯಕ್ಕೆ ಬಂದಾಗ ಅದು ಗಟ್ಟಿಯಾಗಿ ಮುಚ್ಚಿಹೋಗುತ್ತದೆ. ರೇಡಿಯಸ್ ಮೂಳೆಯು ತನ್ನ ಎರಡು ತುದಿಗಳಿಂದಲೂ ಬೆಳೆಯುತ್ತದೆ. ಅಲ್ನಾ ಮೂಳೆಯಾದರೋ ತನ್ನ ಉದ್ದದ ಸುಮಾರು ಶೇಕಡ ೮೫ ಭಾಗಕ್ಕೆ ಕೆಳತುದಿಯ ಒಂದೇ ಫಲಕವನ್ನು ನೆಚ್ಚಿಕೊಂಡಿದೆ.

ಜೋಡಿಯಾಗಿ ನಿಂತ ಇಬ್ಬರೂ ಸಮವಾಗಿ ಬೆಳೆದರೆ ಕಾಲು ನೆಟ್ಟಗಿರುತ್ತದೆ. ಆದರೆ ನಾಯಿಯ ಅಲ್ನಾದ ಕೆಳಗಿನ ಫಲಕವು ಚಪ್ಪಟೆಯಾಗಿರದೆ ಲಾಳಿಕೆಯಂತೆ ಶಂಕುವಿನಾಕಾರದಲ್ಲಿದೆ. ಬೇರೆ ಮೂಳೆಗಳಲ್ಲಿ ಪಕ್ಕದಿಂದ ಪೆಟ್ಟು ಬಿದ್ದರೆ ಫಲಕವು ಜಾರಿ ಸರಿಯಬಹುದು. ಶಂಕುವಿನಾಕಾರದ ಫಲಕಕ್ಕೆ ಜಾರಲು ದಾರಿಯಿಲ್ಲ, ಅದು ಜಜ್ಜಿಹೋಗುತ್ತದೆ. ಕೆನಡಾದ ಸಾಲ್ಟರ್ ಮತ್ತು ಹ್ಯಾರಿಸ್ ಎಂಬ ವೈದ್ಯರು ೧೯೬೩ರಲ್ಲಿ ಮಕ್ಕಳ ಬೆಳವಣಿಗೆಯ ಫಲಕಕ್ಕೆ ಆಗುವ ಪೆಟ್ಟುಗಳನ್ನು ಐದು ಬಗೆಯಾಗಿ ವಿಂಗಡಿಸಿದರು. ಜಜ್ಜುಪೆಟ್ಟು ಅವುಗಳಲ್ಲಿ ಐದನೆಯದು. ಪಶುವೈದ್ಯರೂ ಅದೇ ವಿಂಗಡಣೆಯನ್ನು ಬಳಸುತ್ತಾರೆ. ಈ ಐದನೆಯ ಬಗೆಯ ಕಪಟವೇನೆಂದರೆ, ಪೆಟ್ಟು ಬಿದ್ದ ದಿನ ತೆಗೆದ ಕ್ಷ-ಕಿರಣ ಚಿತ್ರದಲ್ಲಿ ಏನೂ ಕಾಣದೇ ಇರಬಹುದು. ಮರಿಯು ಮಹಡಿಯಿಂದ ಬಿದ್ದಿತ್ತು, ಇಲ್ಲವೆ ವಾಹನವೊಂದು ತಾಗಿತ್ತು. ನಾಲ್ಕು ದಿನ ಕುಂಟಿ ಸರಿಹೋಯಿತು ಎಂದು ಮನೆಯವರು ನೆಮ್ಮದಿಗೊಂಡಿರುತ್ತಾರೆ. ಕೆಲವು ವಾರಗಳ ಮೇಲೆ ಕಾಲು ಡೊಂಕಾಗತೊಡಗುತ್ತದೆ.

ಆಗುವುದಿಷ್ಟೆ: ಅಲ್ನಾ ಬೆಳೆಯುವುದನ್ನು ನಿಲ್ಲಿಸಿದೆ, ರೇಡಿಯಸ್ ಬೆಳೆಯುತ್ತಲೇ ಇದೆ. ಮೋಟಾದ ಅಲ್ನಾ ಹೆದೆಯಾಗುತ್ತದೆ, ಬೆಳೆಯುವ ರೇಡಿಯಸ್ ಬಿಲ್ಲಾಗುತ್ತದೆ. ಬಿಲ್ಲು ಮುಂದಕ್ಕೆ ಬಾಗುತ್ತದೆ. ಪಾದವು ಹೊರಮಗ್ಗುಲಿಗೆ ವಾಲುತ್ತದೆ. ಸಾಲದುದಕ್ಕೆ ಕಾಲಿನ ಕೆಳಭಾಗವು ತನ್ನ ಅಕ್ಷದ ಸುತ್ತ ತಿರುಚಿಕೊಳ್ಳುತ್ತದೆ. ಮೇಲೆ ಮೊಣಕೈಯ ಕೀಲಿನಲ್ಲಿ ಎರಡು ಮೂಳೆಗಳ ಹೊಂದಿಕೆ ತಪ್ಪಿ ಕೀಲು ಸವೆಯುತ್ತದೆ. ಕಣ್ಣಿಗೆ ಕಾಣುವ ಡೊಂಕು ಪಾದದಲ್ಲಿದ್ದರೂ ದೀರ್ಘಕಾಲದ ನೋವು ಹುಟ್ಟುವುದು ಹೆಚ್ಚಾಗಿ ಈ ಕೀಲಿನಲ್ಲಿ. ಬೆಳೆಯುವ ವಯಸ್ಸಿನಲ್ಲೇ ಗುರುತಿಸಿದರೆ ಅಲ್ನಾದ ಒಂದು ತುಂಡನ್ನು ತೆಗೆದು ಹೆದೆಯನ್ನು ಸಡಿಲಿಸಬಹುದು. ಬಿಲ್ಲು ಅಷ್ಟಿಷ್ಟು ತಾನಾಗಿ ನೇರವಾಗುವುದುಂಟು. ಬೆಳವಣಿಗೆ ಮುಗಿದ ಮೇಲೆ ಆ ಅವಕಾಶವಿಲ್ಲ. ಆಗ ಮೂಳೆಯನ್ನು ಕೊಯ್ದು, ಸರಿಯಾದ ದಿಕ್ಕಿಗೆ ತಿರುಗಿಸಿ, ಲೋಹದ ಪ್ಲೇಟಿನಿಂದ ಬಿಗಿಯಬೇಕು. ಇದೇ ತಿದ್ದುಗೊಯ್ತದ ಶಸ್ತ್ರಕ್ರಿಯೆ.

ಕಣ್ಣಳತೆಯ ಮಿತಿ

ಮರವನ್ನು ತಪ್ಪಾಗಿ ಕೊಯ್ದ ಬಡಗಿಯು ಇನ್ನೊಂದು ಹಲಗೆಯನ್ನು ತಂದಾನು. ಬದುಕಿರುವ ಪ್ರಾಣಿಯ ಮೂಳೆಗೆ ಬದಲಿ ಹಲಗೆಯಿಲ್ಲ. ಆದುದರಿಂದ ಎಲ್ಲಿ ಕೊಯ್ಯಬೇಕು, ಯಾವ ಓರೆಯಲ್ಲಿ ಕೊಯ್ಯಬೇಕು, ಕೊಯ್ದ ಮೇಲೆ ಎಷ್ಟು ತಿರುಗಿಸಬೇಕು ಎಂಬ ಮೂರು ಪ್ರಶ್ನೆಗಳಿಗೆ ಚರ್ಮವನ್ನು ಬಿಡಿಸುವ ಮೊದಲೇ ಉತ್ತರ ಸಿದ್ಧವಾಗಿರಬೇಕು.

೧೮೯೫ರಲ್ಲಿ ರಂಟ್ಗೆನ್ ಮಹಾಶಯನು ಕ್ಷ-ಕಿರಣವನ್ನು ಕಂಡುಹಿಡಿದಂದಿನಿಂದ ಮೂಳೆವೈದ್ಯರಿಗೆ ಅದೇ ಕಣ್ಣಾಗಿತ್ತು. ಆದರೆ ಕ್ಷ-ಕಿರಣ ಚಿತ್ರವು ಕೇವಲ ನೆರಳು. ಮುಂಭಾಗದಿಂದ ಒಂದು ನೆರಳು, ಪಕ್ಕದಿಂದ ಒಂದು ನೆರಳು ತೆಗೆದು, ಮೇಲಿನ ಮೂಳೆಭಾಗದ ಅಕ್ಷಕ್ಕೊಂದು ಗೆರೆ, ಕೆಳಗಿನ ಭಾಗದ ಅಕ್ಷಕ್ಕೊಂದು ಗೆರೆ ಎಳೆದರೆ ಅವೆರಡೂ ಕೂಡುವ ಬಿಂದುವೇ ವಕ್ರತೆಯ ಕೇಂದ್ರ. ಮನುಷ್ಯರ ಮೂಳೆಚಿಕಿತ್ಸೆಯಲ್ಲಿ ಡ್ರೋರ್ ಪೇಲಿ ಎಂಬ ತಜ್ಞನು ಈ ವಿಧಾನವನ್ನು ಕ್ರಮಬದ್ಧವಾಗಿ ನಿರೂಪಿಸಿದನು. ಅವನ ಗ್ರಂಥವು ೨೦೦೨ರಲ್ಲಿ ಪ್ರಕಟವಾಯಿತು. ಪಶುವೈದ್ಯರೂ ಅದನ್ನು ನಾಯಿಯ ಕಾಲಿಗೆ ಅಳವಡಿಸಿಕೊಂಡರು. ಡೊಂಕು ಒಂದೇ ಸಮತಲದಲ್ಲಿದ್ದರೆ ಈ ಲೆಕ್ಕವು ಸೊಗಸಾಗಿ ಕೂಡಿಬರುತ್ತದೆ. ಆದರೆ ಮೇಲೆ ಹೇಳಿದ ಕಾಲು ಮುಂದಕ್ಕೂ ಬಾಗಿದೆ, ಪಕ್ಕಕ್ಕೂ ವಾಲಿದೆ, ಸುತ್ತಲೂ ತಿರುಚಿದೆ. ತಿರುಚಿದ ಕೋಲಿನ ನೆರಳನ್ನು ನೋಡಿ ಅದರ ಬಾಗನ್ನು ಅಳೆಯಹೊರಟರೆ, ಕೋಲನ್ನು ಸ್ವಲ್ಪ ಹೊರಳಿಸಿದೊಡನೆಯೇ ಅಳತೆಯು ಬೇರೆಯಾಗುತ್ತದೆ. ಅಳೆಯುವವನು ಎಷ್ಟೇ ಜಾಗರೂಕನಾಗಿದ್ದರೂ ನೆರಳೇ ಮೋಸಮಾಡುತ್ತದೆ.

ಅಲ್ಪ ದೋಷವೆಂದು ಇದನ್ನು ಕಡೆಗಣಿಸುವಂತಿಲ್ಲ. ಕೊಯ್ತದಲ್ಲಿ ೫ ಡಿಗ್ರಿಯಷ್ಟು ಕೋನ ತಪ್ಪಿದರೆ, ಅಲ್ಲಿಂದ ೧೦ ಸೆಂಟಿಮೀಟರು ಕೆಳಗಿರುವ ಪಾದವು ಸುಮಾರು ೯ ಮಿಲಿಮೀಟರು ಪಕ್ಕಕ್ಕೆ ಸರಿದಿರುತ್ತದೆ. ಕೊಯ್ತವು ವಕ್ರತೆಯ ಕೇಂದ್ರವನ್ನು ಬಿಟ್ಟು ಮೇಲೆಯೋ ಕೆಳಗೆಯೋ ಬಿದ್ದರೆ ಕೋನ ಸರಿಹೋದರೂ ಕೆಳಭಾಗವು ಮೆಟ್ಟಿಲಿನಂತೆ ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಪುಟ್ಟ ನಾಯಿಯ ಮೂಳೆಯ ಅಗಲವೇ ಒಂದು ಸೆಂಟಿಮೀಟರಿಗಿಂತ ಕಡಿಮೆಯಿರುವಾಗ ಈ ತಪ್ಪಿನ ಗಾತ್ರವನ್ನು ಓದುಗರೇ ಊಹಿಸಬಹುದು.

ಪದರದಿಂದ ಪ್ರತಿಮೆಗೆ

ನೆರಳಿನ ಬದಲು ವಸ್ತುವನ್ನೇ ಕಾಣುವ ದಾರಿಯು ಸಿ.ಟಿ. ಯಂತ್ರದಿಂದ ತೆರೆಯಿತು. ಇಂಗ್ಲೆಂಡಿನ ಗಾಡ್‌ಫ್ರೆ ಹೌನ್ಸ್‌ಫೀಲ್ಡನು ನಿರ್ಮಿಸಿದ ಈ ಯಂತ್ರದಲ್ಲಿ ಮೊದಲ ರೋಗಿಯ ಪರೀಕ್ಷೆ ನಡೆದುದು ೧೯೭೧ರ ಅಕ್ಟೋಬರ್ ೧ರಂದು, ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ. ಇದರ ಗಣಿತಕ್ಕೆ ತಳಹದಿ ಹಾಕಿದ ಅಲನ್ ಕಾರ್ಮಾಕನೊಡನೆ ಅವನಿಗೆ ೧೯೭೯ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಸೌತೆಕಾಯಿಯನ್ನು ತೆಳ್ಳನೆಯ ಬಿಲ್ಲೆಗಳಾಗಿ ಹೆಚ್ಚಿದಂತೆ ಈ ಯಂತ್ರವು ದೇಹವನ್ನು ಪದರ ಪದರವಾಗಿ ಚಿತ್ರಿಸುತ್ತದೆ. ಮೂಳೆಯ ಕೆಲಸಕ್ಕೆ ಬೇಕಾದ ಪದರದ ದಪ್ಪವು ಒಂದು ಮಿಲಿಮೀಟರಿಗಿಂತಲೂ ಕಡಿಮೆ. ನಾಯಿಗೆ ‘ಅಲುಗದೆ ಮಲಗು’ ಎಂದು ಹೇಳುವಂತಿಲ್ಲವಾದುದರಿಂದ ಅದಕ್ಕೆ ಅರಿವಳಿಕೆ ಇಲ್ಲವೆ ಮಂಪರಿನ ಮದ್ದು ಕೊಟ್ಟು ಈ ಚಿತ್ರವನ್ನು ತೆಗೆಯುತ್ತಾರೆ.

ಗಣಕಯಂತ್ರವು ಆ ಬಿಲ್ಲೆಗಳನ್ನು ಮತ್ತೆ ಒಂದರ ಮೇಲೊಂದು ಜೋಡಿಸಿ, ಮಾಂಸವನ್ನು ಬಿಟ್ಟು ಮೂಳೆಯನ್ನಷ್ಟೇ ಆರಿಸಿ, ಅದರ ಪೂರ್ಣಪ್ರತಿಮೆಯನ್ನು ತೆರೆಯ ಮೇಲೆ ನಿಲ್ಲಿಸುತ್ತದೆ. ವೈದ್ಯನು ಅದನ್ನು ಎತ್ತ ಬೇಕಾದರತ್ತ ತಿರುಗಿಸಿ ನೋಡಬಹುದು. ಇನ್ನೊಂದು ಮುಂಗಾಲು ನೆಟ್ಟಗಿದ್ದರೆ ಅದರ ಪ್ರತಿಮೆಯನ್ನು ಕನ್ನಡಿಯ ಬಿಂಬದಂತೆ ಎಡಬಲ ಮಾಡಿ, ಡೊಂಕಾದ ಕಾಲಿನ ಮೇಲೆ ಇರಿಸಿ ಹೋಲಿಸಬಹುದು. ಡ್ಯಾಕ್ಸ್‌ಹೂಂಡ್, ಬ್ಯಾಸೆಟ್ ಹೌಂಡ್ ಮೊದಲಾದ ಗಿಡ್ಡಗಾಲಿನ ತಳಿಗಳಲ್ಲಿ ಎರಡು ಕಾಲುಗಳೂ ಹುಟ್ಟಿನಿಂದಲೇ ಬಾಗಿರುವುದರಿಂದ ಅಲ್ಲಿ ಆ ತಳಿಯ ಸಹಜರೂಪವೇ ಮಾದರಿ. ಎಲ್ಲ ನಾಯಿಗಳನ್ನೂ ಒಂದೇ ಅಳತೆಗೋಲಿನಿಂದ ಅಳೆಯುವುದು ಸಲ್ಲದು.

ಇನ್ನು ಮುದ್ರಣದ ಮಾತು. ಅಮೆರಿಕದ ಚಾರ್ಲ್ಸ್ ಹಲ್ ಎಂಬಾತನು ೧೯೮೪ರಲ್ಲಿ ಅರ್ಜಿ ಸಲ್ಲಿಸಿ ೧೯೮೬ರಲ್ಲಿ ಪೇಟೆಂಟು ಪಡೆದ ವಿಧಾನದಲ್ಲಿ, ದ್ರವರೂಪದ ರಾಳದ ಮೇಲೆ ನೇರಳಾತೀತ ಬೆಳಕನ್ನು ಬಿಟ್ಟಾಗ ಬೆಳಕು ಬಿದ್ದಷ್ಟು ಭಾಗ ಗಟ್ಟಿಯಾಗುತ್ತದೆ. ಒಂದು ಪದರ ಗಟ್ಟಿಯಾದ ಮೇಲೆ ಅದರ ಮೇಲೊಂದು, ಅದರ ಮೇಲೆ ಮತ್ತೊಂದು. ಗೆದ್ದಲು ಹುತ್ತವನ್ನು ಕಟ್ಟುವಂತೆ ವಸ್ತುವು ಮೆಲ್ಲಮೆಲ್ಲನೆ ಬೆಳೆಯುತ್ತದೆ. ಇನ್ನೊಂದು ವಿಧಾನದಲ್ಲಿ ಪ್ಲಾಸ್ಟಿಕ್ಕಿನ ಎಳೆಯನ್ನು ಕರಗಿಸಿ, ಒರಳಿನಿಂದ ಶ್ಯಾವಿಗೆ ಒತ್ತಿದಂತೆ ಹೊರಬಿಟ್ಟು, ಎಳೆಯ ಮೇಲೆ ಎಳೆಯಿರಿಸುತ್ತಾರೆ. ಶಿಲ್ಪಿಯು ಬೇಡದ್ದನ್ನು ಕೆತ್ತಿ ತೆಗೆಯುತ್ತಾನೆ. ಈ ಯಂತ್ರವು ಬೇಕಾದುದನ್ನು ಮಾತ್ರ ಸೇರಿಸುತ್ತದೆ. ಆದುದರಿಂದ ಒಂದೇ ಒಂದು ಪ್ರಾಣಿಗಾಗಿ, ಒಂದೇ ಒಂದು ಬಾರಿಗೆ ಬೇಕಾದ ವಸ್ತುವನ್ನು ಅಚ್ಚು ಎರೆಯುವ ವೆಚ್ಚವಿಲ್ಲದೆ ಮಾಡಿಕೊಳ್ಳಲು ಸಾಧ್ಯವಾಯಿತು.

ರೋಗಿಯ ಮೂಳೆಗೇ ಹೊಂದುವ ಅಚ್ಚುಗಳ ಕಲ್ಪನೆಯನ್ನು ಮನುಷ್ಯರ ಚಿಕಿತ್ಸೆಗಾಗಿ ೧೯೯೦ರ ದಶಕದಲ್ಲಿ ಜರ್ಮನಿಯ ಆಖೆನ್ ನಗರದಲ್ಲಿ ಕ್ಲಾಸ್ ರಾಡರ್ಮಾಖರ್ ಮತ್ತು ಸಂಗಡಿಗರು ಬೆಳೆಸಿದರು. ನಾಯಿಗಳ ಡೊಂಕುಗಾಲಿನ ಮಾದರಿಗಳನ್ನು ಇಂತಹ ಯಂತ್ರಗಳಿಂದ ರಚಿಸಿ ಶಸ್ತ್ರಕ್ರಿಯೆಗೆ ಮುನ್ನ ಬಳಸಿದ ವಿಚಾರವನ್ನು ಅಮೆರಿಕದ ಉತ್ತರ ಕೆರೊಲಿನಾ ರಾಜ್ಯ ವಿಶ್ವವಿದ್ಯಾಲಯದ ತಜ್ಞರು ೨೦೦೩ರಲ್ಲಿ ಪ್ರಕಟಿಸಿದರು. ಅನಂತರದ ವರ್ಷಗಳಲ್ಲಿ ಮಾದರಿಯಿಂದ ಮಾರ್ಗದರ್ಶಿಗೆ ಹೆಜ್ಜೆ ಮುಂದುವರಿಯಿತು.

ಮಾರ್ಗದರ್ಶಿಯ ಸ್ವರೂಪ

ಬಡಗಿಯು ಚೌಕಟ್ಟಿನ ಮೂಲೆಯನ್ನು ಓರೆಯಾಗಿ ಕೊಯ್ಯಬೇಕಾದಾಗ ಸೀಳು ಬಿಟ್ಟ ಮರದ ಪೆಟ್ಟಿಗೆಯೊಂದನ್ನು ಬಳಸುತ್ತಾನೆ. ಗರಗಸವು ಆ ಸೀಳಿನಲ್ಲಿ ಓಡಾಡುವುದರಿಂದ ಓರೆ ತಪ್ಪುವುದಿಲ್ಲ. ಶಸ್ತ್ರಮಾರ್ಗದರ್ಶಿಯು ತತ್ತ್ವತಃ ಇದೇ. ವ್ಯತ್ಯಾಸವಿಷ್ಟೆ: ಬಡಗಿಯ ಪೆಟ್ಟಿಗೆ ಯಾವ ಮರಕ್ಕೂ ಆದೀತು, ಈ ಅಚ್ಚು ಒಂದೇ ನಾಯಿಯ ಒಂದೇ ಮೂಳೆಯ ಒಂದೇ ಸ್ಥಳಕ್ಕೆ ಮಾತ್ರ ಕೂಡುತ್ತದೆ. ಇದರ ಒಳಮೈಯನ್ನು ಮೂಳೆಯ ಹೊರಮೈಗೆ ಪ್ರತಿರೂಪವಾಗಿ ರಚಿಸಿರುತ್ತಾರೆ. ಮೂಳೆಯಲ್ಲಿ ಉಬ್ಬಿದ್ದಲ್ಲಿ ಇದರಲ್ಲಿ ತಗ್ಗು, ಅಲ್ಲಿ ತಗ್ಗಿದ್ದಲ್ಲಿ ಇಲ್ಲಿ ಉಬ್ಬು. ಆದುದರಿಂದಲೇ ಉರುಟಾಗಿ ನಯವಾಗಿರುವ ಮೂಳೆಯ ನಡುಭಾಗಕ್ಕಿಂತ ಏರುತಗ್ಗುಗಳಿರುವ ಭಾಗದಲ್ಲಿ ಅಚ್ಚು ಗಟ್ಟಿಯಾಗಿ ಕೂರುತ್ತದೆ.

ಇದರಲ್ಲಿ ಎರಡು ಬಗೆಯ ದ್ವಾರಗಳಿವೆ. ಒಂದು, ಗರಗಸದ ಅಲಗು ಹೋಗಲು ಸೀಳು. ಎರಡು, ಸಣ್ಣ ಲೋಹದ ಕಡ್ಡಿಗಳನ್ನು ಮೂಳೆಗೆ ಇಳಿಸಲು ರಂಧ್ರಗಳು. ಜರ್ಮನಿಯ ಮಾರ್ಟಿನ್ ಕಿರ್ಷ್ನರನು ೧೯೦೯ರಲ್ಲಿ ಬಳಕೆಗೆ ತಂದುದರಿಂದ ಈ ಕಡ್ಡಿಗಳಿಗೆ ಕಿರ್ಷ್ನರ್ ತಂತಿಗಳೆಂದು ಹೆಸರು. ಇವು ಅಚ್ಚನ್ನು ಹಿಡಿದು ನಿಲ್ಲಿಸುವುದಕ್ಕಷ್ಟೇ ಅಲ್ಲ; ಇವುಗಳ ನಿಜವಾದ ಕೆಲಸ ಬೇರೆಯಿದೆ. ಈ ಉಪಾಯದ ಮರ್ಮವೇ ಅದರಲ್ಲಿ ಅಡಗಿರುವುದರಿಂದ ಅದನ್ನು ತುಸು ವಿಸ್ತಾರವಾಗಿ ನೋಡುವುದು ಉಚಿತ.

ಗಣಕಯಂತ್ರದ ತೆರೆಯ ಮೇಲೆ ವೈದ್ಯನು ಮೊದಲು ಮೂಳೆಯನ್ನು ಕೊಯ್ದು, ಕೆಳಭಾಗವನ್ನು ತಿರುಗಿಸಿ, ಕಾಲನ್ನು ನೆಟ್ಟಗೆ ಮಾಡುತ್ತಾನೆ. ಹೀಗೆ ನೇರವಾದ ಮೂಳೆಯಲ್ಲಿ ಕೊಯ್ತದ ಮೇಲುಭಾಗಕ್ಕೆ ಎರಡು, ಕೆಳಭಾಗಕ್ಕೆ ಎರಡು ಕಡ್ಡಿಗಳನ್ನು ಒಂದಕ್ಕೊಂದು ಸಮಾನಾಂತರವಾಗಿ ಕಲ್ಪಿಸುತ್ತಾನೆ. ಬಳಿಕ ಆ ಕಡ್ಡಿಗಳೊಡನೆಯೇ ಮೂಳೆಯನ್ನು ಮೊದಲಿನ ಡೊಂಕಿಗೆ ಹಿಂದಿರುಗಿಸುತ್ತಾನೆ. ಆಗ ಸಮಾನಾಂತರವಾಗಿದ್ದ ಕಡ್ಡಿಗಳು ಒಂದೊಂದು ದಿಕ್ಕಿಗೆ ಓರೆಯಾಗುತ್ತವೆ. ಆ ಓರೆಯನ್ನೇ ಮೊದಲನೆಯ ಅಚ್ಚಿನ ರಂಧ್ರಗಳಿಗೆ ಕೊಡಲಾಗುತ್ತದೆ. ಆಮೇಲೆ ನಿಜವಾದ ಮೂಳೆಯಲ್ಲಿ ಆ ಓರೆಯಂತೆ ಕಡ್ಡಿಗಳನ್ನಿಳಿಸಿ, ಮೂಳೆಯನ್ನು ಕೊಯ್ದು, ಕಡ್ಡಿಗಳನ್ನು ಮತ್ತೆ ಸಮಾನಾಂತರಕ್ಕೆ ತಂದರೆ ಸಾಕು. ಬಾಗು, ವಾಲು, ತಿರುಚು ಮೂರೂ ಒಮ್ಮೆಗೇ ತಿದ್ದಿಕೊಳ್ಳುತ್ತವೆ. ಸಮಾನಾಂತರಕ್ಕೆ ತರಲು ನೇರ ರಂಧ್ರಗಳುಳ್ಳ ಎರಡನೆಯದೊಂದು ಅಚ್ಚು ಇರುತ್ತದೆ. ಮೊದಲನೆಯದು ಕೊಯ್ತದ ಅಚ್ಚು, ಎರಡನೆಯದು ಕೂಡಿಸುವ ಅಚ್ಚು. ಶಸ್ತ್ರಕ್ರಿಯೆಯ ನಡುವೆ ಕೋನಮಾಪಕವನ್ನು ಹಿಡಿದು ಅಳೆಯುವ ಗೊಡವೆಯಿಲ್ಲ. ಲೆಕ್ಕವೆಲ್ಲವೂ ಹಿಂದಿನ ದಿನವೇ ಆ ರಂಧ್ರಗಳೊಳಗೆ ಸೇರಿಹೋಗಿರುತ್ತದೆ.

ಇದರೊಡನೆ ಮೂಳೆಯ ಮಾದರಿಯನ್ನೂ ಮುದ್ರಿಸಿಕೊಳ್ಳುವುದು ವಾಡಿಕೆ. ಲೋಹದ ಪ್ಲೇಟನ್ನು ಮಾದರಿಗೆ ತಕ್ಕಂತೆ ಮೊದಲೇ ಬಾಗಿಸಿಟ್ಟುಕೊಳ್ಳಬಹುದು. ಇಡೀ ಕ್ರಿಯೆಯನ್ನು ಒಮ್ಮೆ ಮಾಡಿ ನೋಡಲೂಬಹುದು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ‘ಯೋಗ್ಯಾಸೂತ್ರೀಯ’ವೆಂಬ ಅಧ್ಯಾಯವೊಂದಿದೆ. ಶಾಸ್ತ್ರವನ್ನೆಲ್ಲ ಓದಿದ್ದರೂ ಕೈಯಭ್ಯಾಸವಿಲ್ಲದವನು ಕರ್ಮಕ್ಕೆ ಅರ್ಹನಲ್ಲವೆಂದೂ, ಸೋರೆ ಸೌತೆ ಮೊದಲಾದ ಕಾಯಿಗಳ ಮೇಲೆ ಛೇದನಕರ್ಮವನ್ನು ಅಭ್ಯಾಸ ಮಾಡಬೇಕೆಂದೂ ಅಲ್ಲಿ ವಿಧಿಸಲಾಗಿದೆ. ಅಲ್ಲಿ ‘ಯೋಗ್ಯಾ’ ಎಂದರೆ ಅಭ್ಯಾಸ. ಸೋರೆಕಾಯಿಯ ಸ್ಥಾನದಲ್ಲಿ ಇಂದು ಆ ರೋಗಿಯದೇ ಮೂಳೆಯ ಪ್ರತಿಮೆ ಬಂದಿದೆಯೆಂಬುದು ವಿಶೇಷ.

ಶಸ್ತ್ರಶಾಲೆಯಲ್ಲಿ

ಮುದ್ರಿತವಾದ ಅಚ್ಚನ್ನು ತೊಳೆದು, ಬೆಳಕಿನಲ್ಲಿ ಪೂರ್ಣವಾಗಿ ಗಟ್ಟಿಗೊಳಿಸಿ, ಕ್ರಿಮಿಶುದ್ಧಿ ಮಾಡಿ ಶಸ್ತ್ರಶಾಲೆಗೆ ತರುತ್ತಾರೆ. ಕಾಲಿನ ಮುಂಭಾಗದ ಚರ್ಮವನ್ನು ಬಿಡಿಸಿ ರೇಡಿಯಸ್ ಮೂಳೆಯನ್ನು ಕಾಣಿಸಿಕೊಳ್ಳುವುದು ಮೊದಲ ಹಂತ. ಸಿ.ಟಿ. ಚಿತ್ರದಿಂದ ಆರಿಸಿದುದು ಮೂಳೆಯನ್ನು ಮಾತ್ರವಾದುದರಿಂದ, ಅಚ್ಚು ಕೂರುವ ಸ್ಥಳದಲ್ಲಿ ಮಾಂಸದ ಎಳೆಯೊಂದು ಉಳಿದರೂ ಅಚ್ಚು ಎತ್ತರಿಸಿ ನಿಲ್ಲುತ್ತದೆ. ಹಾಗೆಂದು ಅತಿಯಾಗಿ ಬಿಡಿಸಿದರೆ ಮೂಳೆಗೆ ರಕ್ತವನ್ನೊದಗಿಸುವ ಹೊರಪೊರೆಯು ಹಾನಿಗೊಳ್ಳುತ್ತದೆ. ಈ ಎರಡರ ನಡುವಣ ಹದವನ್ನು ಯಾವ ಯಂತ್ರವೂ ಹೇಳಿಕೊಡಲಾರದು.

ಅಚ್ಚು ಅಲುಗದೆ ಕೂತಿತೆಂದು ಖಚಿತವಾದ ಮೇಲೆ ಕಡ್ಡಿಗಳನ್ನಿಳಿಸಿ, ಸೀಳಿನಲ್ಲಿ ಗರಗಸವನ್ನು ಆಡಿಸುತ್ತಾರೆ. ಆಗ ಉಪ್ಪುನೀರಿನ ಧಾರೆಯನ್ನು ಬಿಡುತ್ತಲೇ ಇರಬೇಕು. ಸ್ವೀಡನ್ನಿನ ಎರಿಕ್ಸನ್ ಮತ್ತು ಆಲ್ಬ್ರೆಕ್ಟ್‌ಸನ್ ಎಂಬ ಸಂಶೋಧಕರು ೧೯೮೩ರಲ್ಲಿ ತೋರಿಸಿದಂತೆ ೪೭ ಡಿಗ್ರಿ ಸೆಲ್ಸಿಯಸ್ ಉಷ್ಣತೆಯು ಒಂದು ನಿಮಿಷ ತಾಗಿದರೂ ಜೀವಂತ ಮೂಳೆಗೆ ಕೇಡು. ಅಚ್ಚಿನ ಇಕ್ಕಟ್ಟಾದ ಸೀಳು ನೀರಿಗೆ ಅಡ್ಡವಾಗುವ ಸಂಭವವಿರುವುದರಿಂದ ಇಲ್ಲಿ ಹೆಚ್ಚಿನ ಎಚ್ಚರ ಬೇಕು. ಅಲ್ನಾವನ್ನೂ ಕೊಯ್ದು ಹೆದೆಯನ್ನು ಬಿಡಿಸಿ, ಕಡ್ಡಿಗಳನ್ನು ಇದ್ದಲ್ಲಿಯೇ ಬಿಟ್ಟು ಮೊದಲ ಅಚ್ಚನ್ನು ತೆಗೆಯುತ್ತಾರೆ. ಎರಡನೆಯ ಅಚ್ಚು ಕಡ್ಡಿಗಳ ಮೇಲೆ ಇಳಿಯುತ್ತಿದ್ದಂತೆ ಡೊಂಕಾಗಿದ್ದ ಕಾಲು ನೇರವಾಗಿ ನಿಲ್ಲುತ್ತದೆ. ಮೊದಲೇ ಬಾಗಿಸಿಟ್ಟ ಪ್ಲೇಟನ್ನಿರಿಸಿ ಸ್ಕ್ರೂಗಳಿಂದ ಬಿಗಿದು, ಅಚ್ಚನ್ನೂ ಕಡ್ಡಿಗಳನ್ನೂ ತೆಗೆದು, ಗಾಯವನ್ನು ಹೊಲಿಯುತ್ತಾರೆ. ಮುಂದಿನ ಆರೆಂಟು ವಾರ ನಾಯಿಯನ್ನು ಓಡದಂತೆ, ನೆಗೆಯದಂತೆ ಕಟ್ಟಿ ಕಾಯುವುದು ಮನೆಯವರ ಪಾಲಿನ ಚಿಕಿತ್ಸೆ. ಮೂಳೆ ಕೂಡಿಕೊಂಡಿತೆಂಬುದು ಮತ್ತೆ ತೆಗೆದ ಕ್ಷ-ಕಿರಣ ಚಿತ್ರದಿಂದ ತಿಳಿಯುತ್ತದೆ.

ಇದೇ ಉಪಾಯವು ಬೇರೆಡೆಗಳಲ್ಲಿಯೂ ಸಲ್ಲುತ್ತದೆ. ಹಿಂಗಾಲಿನ ಮೊಣಕಾಲುಚಿಪ್ಪು ಜಾರುವ ನಾಯಿಗಳಲ್ಲಿ ತೊಡೆಮೂಳೆಯ ಡೊಂಕನ್ನು ತಿದ್ದಲು, ಸ್ಪೇನಿಯಲ್ ತಳಿಗಳಲ್ಲಿ ತೋಳುಮೂಳೆಯ ಕೆಳತುದಿಯಲ್ಲಿ ಕಾಣುವ ಬಿರುಕಿಗೆ ಅಡ್ಡಲಾಗಿ ಸ್ಕ್ರೂ ಹಾಕಲು, ಬೆನ್ನುಮೂಳೆಯಲ್ಲಿ ಹುರಿಯನ್ನು ತಾಗದಂತೆ ಸ್ಕ್ರೂ ಇಳಿಸಲು ಇಂತಹ ಅಚ್ಚುಗಳನ್ನು ಬಳಸುತ್ತಾರೆ. ಪುಟ್ಟ ನಾಯಿಯ ಕಶೇರುಕದಲ್ಲಿ ಸುರಕ್ಷಿತ ಮಾರ್ಗದ ಅಗಲವು ಕೆಲವೇ ಮಿಲಿಮೀಟರು. ಅಲ್ಲಿ ಕೈ ತಪ್ಪಿದರೆ ಕಾಲುಗಳೇ ಸೋಲಬಹುದು.

ಎಚ್ಚರಿಕೆಯ ಮಾತು

ಅಚ್ಚಿನಿಂದ ಕೈಗೆ ನಿಖರತೆ ಬರುತ್ತದೆ, ಬುದ್ಧಿಗೆ ನಿರ್ಣಯ ಬರುವುದಿಲ್ಲ. ಯೋಜನೆಯಲ್ಲಿಯೇ ತಪ್ಪಿದ್ದರೆ ಅಚ್ಚು ಆ ತಪ್ಪನ್ನು ಕೂದಲೆಳೆಯಷ್ಟೂ ತಪ್ಪದೆ ನೆರವೇರಿಸುತ್ತದೆ. ಬರಿಗೈಯಿಂದ ಕೊಯ್ಯುವವನು ಅನುಮಾನಿಸುತ್ತಾನೆ, ನಿಂತು ನೋಡುತ್ತಾನೆ. ಅಚ್ಚನ್ನು ನಂಬಿದವನು ಅನುಮಾನವನ್ನು ಮರೆಯುವ ಅಪಾಯವಿದೆ.

ದ್ರವ್ಯದ ದೋಷಗಳೂ ಉಂಟು. ಪಿ.ಎಲ್.ಎ. ಎಂಬ ಅಗ್ಗದ ಪ್ಲಾಸ್ಟಿಕ್ಕು ಸುಮಾರು ೬೦ ಡಿಗ್ರಿ ಉಷ್ಣತೆಗೇ ಮೆತ್ತಗಾಗುತ್ತದೆ. ಅದನ್ನು ೧೨೧ ಡಿಗ್ರಿಯ ಹಬೆಯಲ್ಲಿ ಕ್ರಿಮಿಶುದ್ಧಿ ಮಾಡಿದರೆ ಅಚ್ಚು ಸೊಟ್ಟಗಾಗುತ್ತದೆ. ಸೊಟ್ಟಾದ ಅಚ್ಚು ಅಚ್ಚೇ ಇಲ್ಲದುದಕ್ಕಿಂತ ಕೇಡು. ಏಕೆಂದರೆ ಅದು ಸರಿಯೆಂಬ ಭ್ರಮೆಯನ್ನು ಹುಟ್ಟಿಸುತ್ತದೆ. ಆದುದರಿಂದ ಶಾಖವನ್ನು ತಾಳುವ, ದೇಹಕ್ಕೆ ಒಗ್ಗುವ ರಾಳಗಳನ್ನು ಬಳಸಬೇಕು. ಇಲ್ಲವೆ ಹೆಚ್ಚು ಶಾಖವಿಲ್ಲದ ಶುದ್ಧಿವಿಧಾನವನ್ನು ಅನುಸರಿಸಬೇಕು.

ಕಾಲದ ಮಿತಿಯೂ ಇದೆ. ಚಿತ್ರ ತೆಗೆದು, ಯೋಜಿಸಿ, ಮುದ್ರಿಸುವ ಹೊತ್ತಿಗೆ ದಿನಗಳು ಕಳೆಯುತ್ತವೆ. ಬೆಳೆಯುತ್ತಿರುವ ಮರಿಯಲ್ಲಿ ಹಳೆಯ ಚಿತ್ರಕ್ಕೆ ತಕ್ಕಂತೆ ಮಾಡಿದ ಅಚ್ಚು ಹೊಸ ಮೂಳೆಗೆ ಹೊಂದದೇ ಹೋಗಬಹುದು. ಸಿ.ಟಿ. ಚಿತ್ರದ ಮತ್ತು ಯೋಜನೆಯ ವೆಚ್ಚವು ಎಲ್ಲರ ಕೈಗೆ ಎಟಕುವಂಥದಲ್ಲ. ಸರಳವಾದ ಡೊಂಕಿಗೆ ಅನುಭವಿಯಾದ ವೈದ್ಯನ ಕೈಯೂ ಎರಡು ಕ್ಷ-ಕಿರಣ ಚಿತ್ರಗಳೂ ಸಾಕಾಗಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಅಚ್ಚು ಕೂರದೆ ಹೋದಲ್ಲಿ ಅದನ್ನು ಬದಿಗಿಟ್ಟು ಕ್ರಿಯೆಯನ್ನು ಪೂರೈಸಬಲ್ಲವನೇ ಅಚ್ಚನ್ನು ಬಳಸಲು ಅಧಿಕಾರಿ. ಈಜು ಬಾರದವನಿಗೆ ದೋಣಿಯೊಂದೇ ಭರವಸೆಯಾಗಬಾರದು.

ರೇಖೆ, ಕೋನ, ಸಮತಲ, ಸಮಾನಾಂತರ ಎಂಬ ಪಾಠಗಳನ್ನು ಕಪ್ಪುಹಲಗೆಯ ಮೇಲೆ ಬರೆಯುವಾಗ ಇವುಗಳಿಂದ ಏನು ಪ್ರಯೋಜನವೆಂದು ಕೇಳದ ವಿದ್ಯಾರ್ಥಿಯೇ ವಿರಳ. ಉಪಾಧ್ಯಾಯರು ಅದಕ್ಕೆ ಉತ್ತರವಾಗಿ ಈ ಪ್ರಸಂಗವನ್ನು ಹೇಳಬಹುದು. ನಾಲ್ಕು ಕಡ್ಡಿಗಳು ಸಮಾನಾಂತರವಾದಾಗ ಒಂದು ಕಾಲು ನೇರವಾಗುತ್ತದೆ. ಯಾರೋ ಒಬ್ಬ ಗಣಿತಜ್ಞ, ಯಾರೋ ಒಬ್ಬ ಯಂತ್ರಶಿಲ್ಪಿ, ಯಾರೋ ಒಬ್ಬ ವೈದ್ಯ ತಮ್ಮ ತಮ್ಮ ವಿದ್ಯೆಯನ್ನು ಒಂದೆಡೆ ತಂದುದರಿಂದ, ತನ್ನ ನೋವನ್ನು ಹೇಳಿಕೊಳ್ಳಲಾರದ ಪ್ರಾಣಿಯೊಂದು ಎರಡು ತಿಂಗಳ ತರುವಾಯ ನಾಲ್ಕೂ ಕಾಲುಗಳನ್ನು ನೆಲಕ್ಕೂರಿ ಅಂಗಳವನ್ನು ದಾಟುತ್ತದೆ. ಅದು ಕೃತಜ್ಞತೆಯನ್ನು ಬಾಯಲ್ಲಿ ಹೇಳಲಾರದು. ಕುಂಟದೆ ನಡೆಯುವುದೇ ಅದರ ಮಾತು.